ಗಂಗಮ್ಮನ ತಟ್ಟೆ

ಮಾನ ಹೋಗುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಬೇರೆಯವರಿಗೆ ಅಪರೂಪಕ್ಕೆ ಆಗುವಂಥದ್ದು ನನಗೆ ಊರಿಗೊಂದರಂತೆ ಆಗುತ್ತದೆ. ನನ್ನ ಉದ್ಯೋಗವೇ ಅಂಥದ್ದು, ನಾನೇನು ಮಾಡಲಿ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಚೆಗೆ ಆ ಸಮಾಧಾನವೂ ಉಳಿದಿಲ್ಲ.

ನಾನು ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿದ್ದೇನೆ. ಸುತ್ತಲಿನ ತಾಲ್ಲೂಕುಗಳಿಂದ ಬರುವ ಮೂತ್ರ, ಕಫ, ಕೀವುಗಳಲ್ಲಿರುವ ಬ್ಯಾಕ್ಟೀರಿಯಾಗಳನ್ನು ಅಂಗೈ ಅಗಲದ ತಟ್ಟೆಯಲ್ಲಿ ಬೆಳೆಸಿ, ಅವು ಯಾವ ಔಷಧಕ್ಕೆ ಸಾಯುತ್ತವೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಡಾಕ್ಟರಿಗೆ ತಿಳಿಸುವುದು ನನ್ನ ಕೆಲಸ. ಇದನ್ನು ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಕೇಳಿದರೆ ಹೇಳುವುದು ಹೇಗೆ? ಎದುರಿಗೆ ಪಾಯಸ ಬಡಿಸಿರುತ್ತಾರೆ.

ನನಗಿಂತ ಹೆಚ್ಚು ನಾಚಿಕೆ ನನ್ನ ಅವ್ವನಿಗೆ. ಅವ್ವ ಚನ್ನಗಿರಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಓಣಿಯ ಎಲ್ಲ ಜಗಳಗಳಿಗೂ ಅವಳೇ ನ್ಯಾಯಾಧೀಶೆ. ಹಿತ್ತಲ ಕೊಟ್ಟಿಗೆಯಲ್ಲಿ ಒಂದು ಹಸು, ಮುಂಬಾಗಿಲ ಕಟ್ಟೆಯ ಮೇಲೆ ದಿನವಿಡೀ ಹೆಂಗಸರ ಸಭೆ. ಆ ಸಭೆಯಲ್ಲಿ ಅವ್ವ ನನ್ನ ಬಗ್ಗೆ ಹೇಳಿರುವುದು ಒಂದೇ ಮಾತು: "ನನ್ನ ಮಗಳು ದಾವಣಗೆರ್‍ಯಾಗೆ ಕಂಪ್ಯೂಟರ್ ಕೆಲಸ ಮಾಡ್ತಾಳೆ." ಒಮ್ಮೆ ಊಟಕ್ಕೆ ಕೂತಾಗ ನಾನು "ಇವತ್ತು ಲ್ಯಾಬಿಗೆ ಒಂದು ಬಾಟ್ಲಿ ಬಂದಿತ್ತು" ಎಂದು ಶುರು ಮಾಡಿದ್ದೆ. ಅವ್ವ ಸಾರಿನ ಸೌಟನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಉಣ್ಣೋ ಹೊತ್ನಾಗೆ ಆ ಮಾತು ತೆಗೀಬ್ಯಾಡ. ಉಂಡ ಮ್ಯಾಲೂ ತೆಗೀಬ್ಯಾಡ" ಎಂದಳು. ಅಂದಿನಿಂದ ತೆಗೆದಿಲ್ಲ.

ಪಂಕ್ಚರ್ ಅಂಗಡಿ

ಕಥೆ ಶುರುವಾಗುವುದು ಒಂದು ತಟ್ಟೆಯಿಂದ. ನಾವು ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹರಡಿ, ಅದರ ಮೇಲೆ ಒಂದೊಂದು ಔಷಧದಲ್ಲಿ ಅದ್ದಿದ ಸಣ್ಣ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧ ಕೆಲಸ ಮಾಡಿದರೆ ಆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತು, ಅಂಗಳದಲ್ಲಿ ರಂಗೋಲಿಗೆಂದು ಸಾರಿಸಿದ ಹಾಗೆ ದುಂಡನೆಯ ಚೊಕ್ಕ ಜಾಗ ಕಾಣುತ್ತದೆ. ಚನ್ನಗಿರಿಯಿಂದ ಬಂದ ಒಂದು ಮೂತ್ರದ ತಟ್ಟೆಯಲ್ಲಿ ಅಷ್ಟೂ ಬಿಲ್ಲೆಗಳು ಸೋತಿದ್ದವು. ಒಂದೇ ಒಂದು ಇಂಜೆಕ್ಷನ್ನಿನ ಬಿಲ್ಲೆಯ ಸುತ್ತ ಮಾತ್ರ ಚೊಕ್ಕವಾಗಿತ್ತು. ಆ ಇಂಜೆಕ್ಷನ್ನಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಇದು ಕಿಣ್ವದ ಆಟ. ಪೆನಿಸಿಲಿನ್ ಮತ್ತು ಅದರ ದಾಯಾದಿ ಔಷಧಗಳ ಒಳಗೆ ಒಂದು ಪುಟ್ಟ ಉಂಗುರದಂಥ ಕಟ್ಟು ಇರುತ್ತದೆ, ಔಷಧದ ಶಕ್ತಿಯೆಲ್ಲ ಅದರಲ್ಲೇ. ಕೆಲವು ಬ್ಯಾಕ್ಟೀರಿಯಾಗಳು ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವ ತಯಾರಿಸಿ ಆ ಉಂಗುರವನ್ನೇ ಕತ್ತರಿಸಿ ಹಾಕುತ್ತವೆ. ಆಮೇಲೆ ಆ ಮಾತ್ರೆ ನುಂಗಿದರೂ ಒಂದೇ, ಸುಣ್ಣದ ಉಂಡೆ ನುಂಗಿದರೂ ಒಂದೇ.

ತಟ್ಟೆ ನೋಡಿ ನಮ್ಮ ಡಾಕ್ಟರು ನನ್ನನ್ನು ಕರೆಸಿದರು. "ಈ ಹೆಂಗಸಿಗೆ ಬೇಗ ಇಂಜೆಕ್ಷನ್ ಶುರು ಮಾಡಬೇಕು. ಸೋಂಕು ಮೇಲಕ್ಕೆ ಹತ್ತಿದರೆ ಕಿಡ್ನಿಗೆ ಬರುತ್ತೆ, ಆಮೇಲೆ ಜೀವಕ್ಕೂ ಬರಬಹುದು. ಹುಡುಕಿ" ಎಂದರು. ಹೆಸರು ಗಂಗಮ್ಮ, ವಯಸ್ಸು ಅರವತ್ತರ ಮೇಲೆ, ಊರು ಚನ್ನಗಿರಿ. ಜೊತೆಗೆ ಒಂದು ಫೋನ್ ನಂಬರು. ರಿಪೋರ್ಟು ಒಯ್ಯಲು ಆಕೆ ಬಂದೇ ಇರಲಿಲ್ಲ.

ಚನ್ನಗಿರಿಯಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವ ಹೆಂಗಸನ್ನು ಕೇಳಿದೆ. ಅವಳಿಗೆ ಚೆನ್ನಾಗಿ ನೆನಪಿತ್ತು. "ಅಯ್ಯೋ, ಆ ಅಮ್ಮಾರಾ? ಭಾಳ ನಾಚಿಕೆ ಮೇಡಂ. ಮುಖದ ಮ್ಯಾಲೆ ಸೆರಗು ಎಳಕೊಂಡು ಬಂದಿದ್ರು. ಮನೆಯಿಂದ್ಲೇ ಒಂದು ಗಾಜಿನ ಬಾಟ್ಲಿಯಾಗೆ ತಂದು, ಕಾಣಬಾರದು ಅಂತ ಕೈಚೀಲದಾಗೆ ಸೊಪ್ಪಿನ ಕೆಳಗೆ ಮುಚ್ಚಿಟ್ಟಿದ್ರು. ಇದು ನಡೆಯಲ್ಲ ಅಮ್ಮ, ನಮ್ಮ ಡಬ್ಬಿಯಾಗೇ ಕೊಡಬೇಕು ಅಂದಿದ್ದಕ್ಕೆ ಬೈಕೊಂಡು ಕೊಟ್ಟು ಹೋದ್ರು."

ನಂಬರಿಗೆ ಫೋನು ಮಾಡಿದೆ. ಎತ್ತಿದವನು ಹೊನ್ನಾಳಿಯ ಒಂದು ಪಂಕ್ಚರ್ ಅಂಗಡಿಯವನು.

"ಗಂಗಮ್ಮ ಇದ್ದಾರಾ?"

"ಟ್ಯೂಬ್ ಐತೆ, ಟೈರ್ ಐತೆ. ಗಂಗಮ್ಮ ಇಲ್ಲ ಮೇಡಂ."

ನಂಬರು ತಪ್ಪಿರಬಹುದೇ ಎಂದು ಮತ್ತೆ ಮಾಡಿದೆ, ಅವನೇ. ಮರುದಿನ ಮಾಡಿದೆ, ಅವನೇ. ಆಮೇಲೆ ನನ್ನ ಜೊತೆಯವರೂ ಒಬ್ಬೊಬ್ಬರಾಗಿ ಮಾಡಿದರು. ಕೊನೆಗೆ ಅವನು ಅಳುವ ದನಿಯಲ್ಲಿ, "ಮೇಡಂ, ಮನೆಯಾಗೆ ನನ್ನ ಹೆಂಡ್ತಿ ಫೋನ್ ನೋಡ್ತಾಳೆ. ಯಾರು ಆ ಗಂಗಮ್ಮ ಅಂತ ಊಟ ಹಾಕವಲ್ಲಳು. ದಯಮಾಡಿ ಬಿಟ್ಬಿಡ್ರಿ" ಎಂದ. ನನಗೆ ಪಾಪ ಅನ್ನಿಸಿತು. ಕ್ಷಮೆ ಕೇಳಿಬಿಡೋಣ ಎಂದು ಸಂಜೆ ಇನ್ನೊಮ್ಮೆ ಫೋನು ಮಾಡಿದೆ. ಈ ಸಲ ಹೆಂಡತಿಯೇ ಎತ್ತಿದಳು.

"ಓಹೋ, ಗಂಗಮ್ಮ ಅಂದ್ರೆ ನೀನೇನಾ?"

ಕೋರ್ಸು ಮುಗಿಸಬೇಕು

ಅದೇ ಹೊತ್ತಿಗೆ ಮೇಲಿನಿಂದ ಆದೇಶ ಬಂತು. ಊರೂರಿಗೆ ಹೋಗಿ, ಸಿಕ್ಕ ಸಿಕ್ಕ ಹಾಗೆ ಮಾತ್ರೆ ನುಂಗಬೇಡಿ ಎಂದು ಜನರಿಗೆ ತಿಳಿಹೇಳಬೇಕು. ನನಗೊಂದು ಜೀಪು, ಒಬ್ಬ ಡ್ರೈವರು, ಗೋಡೆಯ ಮೇಲೆ ಚಿತ್ರ ಬಿಡುವ ಒಂದು ಯಂತ್ರ ಕೊಟ್ಟರು. ಗಂಗಮ್ಮನ ತಟ್ಟೆಯ ಫೋಟೋ ತೆಗೆದು ಅದರಲ್ಲಿ ಹಾಕಿಕೊಂಡೆ. ಅಂಥ ತಟ್ಟೆ ಹುಡುಕಿದರೂ ಸಿಗುವುದಿಲ್ಲ. ಜೊತೆಗೆ ಆ ಸೊಪ್ಪಿನ ಕೆಳಗಿನ ಬಾಟ್ಲಿಯ ಕಥೆ. ಹೆಸರು ಹೇಳುತ್ತಿರಲಿಲ್ಲ, "ನಮ್ಮ ಕಡೆಯ ಒಬ್ಬ ತಾಯಿ" ಎನ್ನುತ್ತಿದ್ದೆ. ಹೀಗೆ ಹೇಳುತ್ತಾ ಹೋದರೆ ಎಲ್ಲಾದರೂ ಆಕೆಯ ಸುಳಿವು ಸಿಕ್ಕೀತು ಎಂಬ ಆಸೆಯೂ ಇತ್ತು.

ಮೊದಲ ಭಾಷಣ ಹೊನ್ನಾಳಿಯಲ್ಲಿ, ಔಷಧ ಅಂಗಡಿಯವರಿಗೆ. ಪಂಕ್ಚರ್ ಅಂಗಡಿಗಳಿರುವ ಬೀದಿಯನ್ನು ತಪ್ಪಿಸಿ, ಸುತ್ತು ಹಾಕಿಕೊಂಡು ಹೋದೆವು. ಡಾಕ್ಟರ ಚೀಟಿ ಇಲ್ಲದೆ ಒಂದೇ ಒಂದು ಆ್ಯಂಟಿಬಯೋಟಿಕ್ ಮಾತ್ರೆಯನ್ನೂ ಕೊಡಬಾರದು, ಡಾಕ್ಟರು ಬರೆದುಕೊಟ್ಟರೆ ಕೋರ್ಸು ಮುಗಿಯುವವರೆಗೆ ಬಿಡಬಾರದು ಎಂದು ಆವೇಶದಿಂದ ಹೇಳುತ್ತಿದ್ದೆ. ದಾರಿಯ ಧೂಳಿಗೋ ಏನೋ ಗಂಟಲು ಕಟ್ಟಿ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಮುಂದಿನ ಸಾಲಿನಲ್ಲಿದ್ದ ಹಿರಿಯ ಅಂಗಡಿಯವರೊಬ್ಬರು ಎದ್ದು ಬಂದರು. ಜೇಬಿನಿಂದ ಒಂದು ಸ್ಟ್ರಿಪ್ ತೆಗೆದು, ಮಾತ್ರೆಯೊಂದನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟು, ನೀರಿನ ಲೋಟ ಮುಂದೆ ಹಿಡಿದರು.

ಹಿರಿಯರು ಬಲಗೈಗೆ ಹಾಕಿದ್ದನ್ನು ಬೇಡ ಎನ್ನುವುದನ್ನು ನಮಗೆ ಮನೆಯಲ್ಲಿ ಕಲಿಸಿಲ್ಲ. ಕೈ ತಾನಾಗಿ ಕಣ್ಣಿಗೆ ಒತ್ತಿಕೊಂಡಿತು, ಬಾಯಿ ತಾನಾಗಿ ತೆರೆಯಿತು. ನುಂಗಿ ನೀರು ಕುಡಿದ ಮೇಲೆಯೇ ಸ್ಟ್ರಿಪ್ಪಿನ ಮೇಲಿನ ಹೆಸರು ಕಣ್ಣಿಗೆ ಬಿದ್ದದ್ದು. ನಾನು ಯಾವುದನ್ನು ಚೀಟಿ ಇಲ್ಲದೆ ಕೊಡಬಾರದು ಎಂದು ಹೇಳುತ್ತಿದ್ದೆನೋ ಅದೇ. ಸಭೆಗೆ ಸಭೆಯೇ ನೋಡಿತ್ತು. ಬೆವರು ಒರೆಸಿಕೊಳ್ಳುತ್ತಾ ಮಾತು ಮುಗಿಸಿ ಕೆಳಗಿಳಿದೆ. ಹಿರಿಯರು ಹಿಂದೆಯೇ ಬಂದು, ಉಳಿದ ಸ್ಟ್ರಿಪ್ಪನ್ನು ನನ್ನ ಕೈಯಲ್ಲಿ ತುರುಕಿದರು.

"ಇದನ್ನೂ ಇಟ್ಕಳ್ರಿ ಮೇಡಂ. ಕೋರ್ಸು ಮುಗಿಸಬೇಕು ಅಂತ ನೀವೇ ಹೇಳಿದ್ರಲ್ಲ."

ವಂದನಾರ್ಪಣೆ

ಹೊನ್ನಾಳಿಯ ಮರುದಿನ ಭಾನುವಾರ. ಅವ್ವನ ಮನೆಗೆ ಹೋಗಿ, ಮೊಬೈಲಿನ ಚಾರ್ಜರ್ ಹುಡುಕಲು ಬ್ಯಾಗಿನಲ್ಲಿದ್ದುದನ್ನೆಲ್ಲ ಗೂಡಿನಲ್ಲಿ ಸುರಿದೆ. ಅವ್ವ ಬಾರ್ಲಿ ನೀರು ಕುಡಿಯುತ್ತಾ ಕೂತಿದ್ದಳು. "ಮೈ ಉಷ್ಣ ಆಗೈತೆ" ಎಂದಳು. ನನ್ನ ತಲೆಯ ತುಂಬ ಗಂಗಮ್ಮನೇ ಇದ್ದಳು. ಹೂಂ ಎಂದು, ಚಪಾತಿ ತಿಂದು ಹೊರಟೆ.

ಸಂತೇಬೆನ್ನೂರಿನಲ್ಲಿ ಸಭೆ ಇದ್ದದ್ದು ಸಂತೆಯ ದಿನ. ಅಡಿಕೆ ವ್ಯಾಪಾರದವರು, ಮೆಕ್ಕೆಜೋಳದವರು ಎಲ್ಲ ಸೇರಿದ್ದರು. ಕಿಣ್ವ ಎಂದರೆ ಇವರಿಗೆ ಹೇಗೆ ತಿಳಿದೀತು ಎಂದು ಯೋಚಿಸಿ, ಮುಂದೆ ಕೂತಿದ್ದ ಅಜ್ಜನೊಬ್ಬನ ಸಂಚಿಯಿಂದ ಅಡಕತ್ತರಿ ಮತ್ತು ಒಂದು ಇಡೀ ಅಡಿಕೆ ಕೇಳಿ ತೆಗೆದುಕೊಂಡೆ. ನನ್ನ ಜಾಣತನಕ್ಕೆ ನನಗೇ ಹೆಮ್ಮೆಯಾಯಿತು.

"ನೋಡ್ರಿ, ಈ ಅಡಿಕೆ ಔಷಧ ಅಂತ ತಿಳ್ಕೊಳ್ಳಿ. ಈ ಅಡಕತ್ತರಿ ಬ್ಯಾಕ್ಟೀರಿಯಾದ ಕಿಣ್ವ. ಔಷಧ ಬಂತು, ಕಿಣ್ವ ಹಿಡೀತು, ಕತ್ತರಿಸ್ತು!" ಕಟಕ್ಕನೆ ಅಡಿಕೆ ಎರಡಾಯಿತು.

ಮುಂದಿನ ಸಾಲಿನಿಂದ ಎರಡು ಅಂಗೈಗಳು ಚಾಚಿಕೊಂಡವು. ಅಡಿಕೆ ಕತ್ತರಿಸಿದವರು ಹೋಳು ಕೊಡಲೇಬೇಕಲ್ಲ. ಕೊಟ್ಟೆ. ಹಿಂದಿನಿಂದ ಯಾರೋ ಎಲೆ ದಾಟಿಸಿದರು, ಮತ್ತೊಬ್ಬರು ಸುಣ್ಣದ ಡಬ್ಬಿ ಬಿಚ್ಚಿದರು. "ಮೇಡಂ, ಈ ಕಡೆಗೂ ಒಂದು ಕತ್ತರಿಸ್ರಿ" ಎಂದರು. ನೋಡುತ್ತಿದ್ದಂತೆ ಔಷಧವೆಲ್ಲ ಸಭೆಯ ಬಾಯಿಗೆ ಹೋಯಿತು. ಅಜ್ಜ ಜಗಿದು ನೋಡಿ, ಔಷಧ ಪರವಾಗಿಲ್ಲ, ಒಂದು ಬಿಸಿಲು ಕಡಿಮೆ ಬಿದ್ದೈತೆ ಎಂದ. ಅಲ್ಲಿಂದ ಮಾತು ಅಡಿಕೆ ಒಣಗಿಸುವುದರ ಕಡೆ ಹೊರಳಿತು, ಅದರಿಂದ ಈ ಸಲದ ಧಾರಣೆಗೆ ಹೋಯಿತು. ನಾನು ಅಡಕತ್ತರಿ ಹಿಡಿದುಕೊಂಡು ನಿಂತೇ ಇದ್ದೆ. ಗಂಗಮ್ಮನ ತಟ್ಟೆ ಗೋಡೆಯ ಮೇಲೆ ಬಿದ್ದಾಗ ಯಾರೂ ಆ ಕಡೆ ನೋಡುತ್ತಿರಲಿಲ್ಲ.

ಕೊನೆಗೆ ಸಂಘಟಕರೊಬ್ಬರು ಎದ್ದು ನಿಂತರು: "ಅಡಿಕೆ ಬಗ್ಗೆ ಇಷ್ಟು ಒಳ್ಳೇ ಮಾಹಿತಿ ಕೊಟ್ಟ ಮೇಡಂ ಅವರಿಗೆ ಎಲ್ಲರ ಪರವಾಗಿ ವಂದನೆಗಳು."

ಸೊಕ್ಕೆಯ ಟಗರು

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಮಾತ್ರ ನನ್ನ ಭಾಷಣ ಗೆದ್ದಿತು. ಜನ ತುಟಿ ಪಿಟಕ್ಕೆನ್ನದೆ ಕೇಳಿದರು. ಅಷ್ಟು ಹೊತ್ತಿಗೆ ನನಗೂ ಕಥೆ ಹೇಳುವ ರುಚಿ ಹತ್ತಿತ್ತು. ಬರಿಯ ಗಾಜಿನ ಬಾಟ್ಲಿ ಅಂದರೆ ಯಾರೂ ನಗುವುದಿಲ್ಲ. ಹಾಗಾಗಿ ಸೊಕ್ಕೆಯ ಹೊತ್ತಿಗೆ ಅದು ಉಪ್ಪಿನಕಾಯಿ ಬಾಟ್ಲಿ ಆಗಿತ್ತು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ತಟ್ಟೆ ತೋರಿಸಿ, ಒಂದೊಂದೇ ಬಿಲ್ಲೆಯ ಮೇಲೆ ಕೋಲು ಇಟ್ಟು, "ಇದು ಸೋತಿತು, ಇದೂ ಸೋತಿತು" ಎಂದು ಹೇಳುತ್ತಾ ಬಂದೆ. ಕೊನೆಯ ಬಿಲ್ಲೆಯ ಹತ್ತಿರ ನಿಂತು, "ಇದೊಂದೇ ಗೆದ್ದದ್ದು" ಎಂದು ಆ ಇಂಜೆಕ್ಷನ್ನಿನ ಹೆಸರು ಹೇಳಿದೆ.

ಎಲ್ಲರೂ ಬಗ್ಗಿ ಬರೆದುಕೊಳ್ಳತೊಡಗಿದರು. ಕೆಲವರು ಮೊಬೈಲಿನಲ್ಲಿ, ಒಬ್ಬ ಅಂಗೈಯ ಮೇಲೆ. "ಇನ್ನೊಂದು ಸಲ ಹೇಳ್ರಿ ಮೇಡಂ" ಎಂದರು. ಇಷ್ಟು ಶ್ರದ್ಧೆಯ ಜನರನ್ನು ನಾನು ಕಂಡೇ ಇರಲಿಲ್ಲ. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದೆ.

ವಾರ ಕಳೆಯುವ ಮುಂಚೆ ಆ ಕಡೆಯ ಡಾಕ್ಟರೊಬ್ಬರ ಫೋನು ಬಂತು. "ಏನ್ ಮೇಡಂ ಮಾಡಿ ಹೋದ್ರಿ? ನೆಗಡಿ ಅಂತ ಬಂದೋರೂ ಆ ಇಂಜೆಕ್ಷನ್ನೇ ಬೇಕು ಅಂತಾರೆ. ಅದು ಕಟ್ಟಕಡೆಗೆ ಕೊಡೋದು ಕಣ್ರಪ್ಪ ಅಂದ್ರೆ, ಕೊನೇಗೆ ಗೆಲ್ಲೋದು ಅದೇ ಅಂದ ಮ್ಯಾಲೆ ಮೊದ್ಲೇ ಕೊಟ್ಬಿಡ್ರಿ, ನಮ್ಗೂ ತಿರುಗೋದು ತಪ್ತದೆ ಅಂತಾರೆ. ಇವತ್ತು ಒಬ್ಬ ಟಗರು ಹಿಡ್ಕೊಂಡು ಬಂದಿದಾನೆ."

"ಟಗರಿಗೆ ಏನಾಗಿದೆ ಸರ್?"

"ಏನೂ ಆಗಿಲ್ಲ. ಮುಂದೆ ಆಗಬಾರ್ದು ಅಂತ."

ನಾನು ಜೀಪಿನಲ್ಲಿ ತಲೆ ಹಿಡಿದುಕೊಂಡು ಕೂತೆ. ಉಳಿದಿದ್ದದ್ದು ಒಂದೇ ಔಷಧ, ಅದನ್ನೂ ಹೀಗೆ ಹಂಚಿಸಿ ಹಾಳು ಮಾಡುವವಳು ನಾನೇ ಆದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಡ್ರೈವರು ಮೆಲ್ಲಗೆ ಕೇಳಿದ: "ಮೇಡಂ, ನಂಗೂ ಒಂದೀಟು ಸೊಂಟ ನೋವು ಐತೆ. ಆ ಇಂಜೆಕ್ಷನ್ನು…"

ಹುಳದ ಬುದ್ಧಿ

ಅಷ್ಟರಲ್ಲಿ ಚನ್ನಗಿರಿಯ ಆಶಾ ಕಾರ್ಯಕರ್ತೆ ಮನೆ ಮನೆ ತಿರುಗಿ, ಊರಲ್ಲಿದ್ದ ಗಂಗಮ್ಮಂದಿರನ್ನೆಲ್ಲ ಮಾತಾಡಿಸಿ ಸುಸ್ತಾಗಿದ್ದಳು. ಒಬ್ಬೊಬ್ಬ ಗಂಗಮ್ಮನೂ ತನ್ನ ಮೂತ್ರದ ಬಗ್ಗೆ ಕೇಳಿದ್ದಕ್ಕೆ ಕಸಬರಿಕೆ ಹಿಡಿದಿದ್ದಳಂತೆ. ಡಾಕ್ಟರು ದಿನಾ ಕೇಳುತ್ತಿದ್ದರು. ನನಗೂ ಹೆದರಿಕೆ ಶುರುವಾಗಿತ್ತು. ಆ ತಾಯಿ ಎಲ್ಲೋ ಜ್ವರದಲ್ಲಿ ಮಲಗಿದ್ದಾಳೆ, ನಾನು ಅವಳ ತಟ್ಟೆ ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು. ಆದರೂ ಉಪ್ಪಿನಕಾಯಿಯನ್ನು ಕೈಬಿಟ್ಟಿರಲಿಲ್ಲ. ಸೂರಗೊಂಡನಕೊಪ್ಪದ ಸಭೆಯಲ್ಲಂತೂ ಬಾಟ್ಲಿಯ ತಳದಲ್ಲಿ ಒಂದು ಮಾವಿನ ಹೋಳು ಕೂಡ ಇತ್ತು.

ಅಲ್ಲಿಂದ ವಾಪಸು ಬರುವಾಗ ನ್ಯಾಮತಿಯಲ್ಲಿ ಚಹಾಕ್ಕೆ ಜೀಪು ನಿಲ್ಲಿಸಿದೆವು. ಎದುರಿನ ಓಣಿಯಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ಜೋರಾಗಿ ಜಗಳ ಆಡುತ್ತಿದ್ದರು. ಜೀಪಿನ ಮೇಲೆ ಆರೋಗ್ಯ ಅಂತ ಬರೆದದ್ದನ್ನು ನೋಡಿ ಒಬ್ಬಳು ನನ್ನ ಕೈಹಿಡಿದು ಎಳೆದೊಯ್ದಳು. "ನೀವೇ ಹೇಳ್ರಿ ಮೇಡಂ, ಇದು ನ್ಯಾಯಾನಾ? ಈಕಿ ಹಲ್ಲುನೋವು ಅಂತ ನನ್ ಹತ್ರ ಮಾತ್ರೆ ಕಡ ಇಸ್ಕಂಡ್ಲು. ನಾನು ಕೊಟ್ಟಿದ್ದು ಐನೂರು ಎಂಜಿದು. ಈಗ ವಾಪಸ್ ಕೊಡಾಕೆ ಬಂದಿರೋದು ಇನ್ನೂರೈವತ್ತರದ್ದು!"

ನಮ್ಮ ಕಡೆ ಸಕ್ಕರೆ, ಕಾಫಿಪುಡಿ, ಹೆಪ್ಪಿಗೆ ಮಜ್ಜಿಗೆ ಎಲ್ಲ ಕಡ ಕೊಟ್ಟು ತರುವುದು ಉಂಟು. ಒಂದು ಬಟ್ಟಲು ತಂದರೆ ಒಂದು ಬಟ್ಟಲು ವಾಪಸು. ಮಾತ್ರೆಯನ್ನೂ ಹೀಗೆ ಕಡ ತರುತ್ತಾರೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಲೆಕ್ಕ ನನ್ನ ಬಾಯಿಂದ ತಾನಾಗಿ ಜಾರಿತು.

"ಹಾಗಾದ್ರೆ ಒಂದಕ್ಕೆ ಎರಡು ಕೊಡ್ಬೇಕಲ್ವಾ?"

"ಹಾಂ! ಕೇಳಿದ್ಯಾ? ಡಾಕ್ಟ್ರಮ್ಮನೇ ಹೇಳಿದ್ರು!" ಎಂದಳು ಮೊದಲನೆಯವಳು. ಎರಡನೆಯವಳು ಒಳಗೆ ಹೋಗಿ ಇನ್ನಷ್ಟು ಮಾತ್ರೆ ತಂದು ಎಣಿಸಿ ಕೊಟ್ಟಳು. ರಾಜಿ ಆಯಿತು. ನನಗೆ ಎಚ್ಚರವಾದದ್ದು ಆಮೇಲೆ. ನಾಚಿಕೆಯಿಂದ ಕಿವಿ ಬಿಸಿಯಾಗಿ, ಆದ ತಪ್ಪನ್ನು ತಿದ್ದಲು ಅವಸರದಿಂದ ಶುರು ಮಾಡಿದೆ.

"ಅಲ್ಲ, ಹಂಗೆ ಮಾಡಬಾರ್ದು. ಮಾತ್ರೆ ಕಡ ಕೊಡಲೇಬಾರ್ದು. ನೀವು ಹಿಂಗೆ ಮಾತ್ರೆ ಕಡ ಕೊಟ್ರೆ ಬ್ಯಾಕ್ಟೀರಿಯಾಗಳೂ ಒಳಗೆ ಅದನ್ನೇ ಮಾಡ್ತವೆ. ಔಷಧ ಕತ್ತರಿಸೋ ಕಿಣ್ವ ಮಾಡೋ ವಿದ್ಯೆ ಒಂದು ಹುಳಕ್ಕೆ ಗೊತ್ತಿದ್ರೆ, ಪಕ್ಕದ ಹುಳಕ್ಕೂ ಕೊಟ್ಟುಬಿಡುತ್ತೆ."

"ಕಡ ಕೊಡ್ತಾವಾ?"

"ಕೊಡ್ತವೆ."

"ವಾಪಸ್ ಕೇಳ್ತಾವಾ?"

"ಇಲ್ಲ, ಕೇಳೋದಿಲ್ಲ."

ಎರಡನೆಯವಳು ಸೊಂಟದ ಮೇಲೆ ಕೈಯಿಟ್ಟು ಮೊದಲನೆಯವಳ ಕಡೆ ತಿರುಗಿದಳು. "ಕೇಳ್ದೇನೇ? ಹುಳಕ್ಕೆ ಇರೋ ದೊಡ್ಡ ಮನಸ್ಸು ನಿಂಗಿಲ್ಲ!"

ಕಂಪ್ಯೂಟರ್ ಕೆಲಸ

ಕೊನೆಯ ಸಭೆ ಚನ್ನಗಿರಿಯಲ್ಲಿ, ಮಹಿಳಾ ಸಂಘದವರದು. ನನ್ನ ತಮ್ಮನ ಹೆಂಡತಿ ಆ ಸಂಘದಲ್ಲಿದ್ದಾಳೆ. "ಅಕ್ಕ ಸ್ಟೇಜಿನ ಮೇಲೆ ಮಾತಾಡ್ತಾರೆ" ಎಂದು ಅವಳು ಓಣಿಯನ್ನೆಲ್ಲ ಕರೆತಂದಿದ್ದಳು. ಮೂರನೆಯ ಸಾಲಿನ ನಡುವೆ ಅವ್ವ ಕೂತಿದ್ದಳು. ಮಗಳು ಕಂಪ್ಯೂಟರಿನ ಬಗ್ಗೆ ಮಾತಾಡುವುದನ್ನು ಕೇಳಲು ಬಂದ ಗತ್ತು ಮುಖದಲ್ಲಿತ್ತು. ಸೆಕೆಯಲ್ಲೂ ಶಾಲು ಹೊದ್ದಿದ್ದಳು.

ಅವ್ವನ ಎದುರು ಈ ವಿಷಯ ಹೇಗೆ ಮಾತಾಡುವುದು? ಆದರೆ ಎದುರಿಗೆ ಇಡೀ ಓಣಿ ಇತ್ತು, ಗೋಡೆಯ ಮೇಲೆ ತಟ್ಟೆ ಬಿದ್ದಾಗಿತ್ತು. ಈ ಊರಿನವಳೇ ಗಂಗಮ್ಮ, ಇಲ್ಲಿ ಸಿಗದಿದ್ದರೆ ಇನ್ನೆಲ್ಲೂ ಸಿಗುವುದಿಲ್ಲ. ಇದ್ದ ಕಥೆಯನ್ನೆಲ್ಲ ಅಭಿನಯ ಮಾಡಿ ಹೇಳಿದೆ. ಮುಖದ ಮೇಲೆ ಸೆರಗು ಎಳೆದುಕೊಂಡು ಬಂದದ್ದು. ಕೈಚೀಲ. ಸೊಪ್ಪು. ಅದರ ಕೆಳಗೆ ಉಪ್ಪಿನಕಾಯಿ ಬಾಟ್ಲಿ. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. ನನಗೆ ಹುರುಪು ಏರಿತು.

"ಆ ಬಾಟ್ಲೀನಾದ್ರೂ ತೊಳೆದಿದ್ರಾ ಆ ತಾಯಿ? ಇಲ್ಲ! ಖಾರ ಇನ್ನೂ ಅಂಟಿಕೊಂಡಿತ್ತು. ತಳದಲ್ಲಿ ಒಂದು ಮಾವಿನ ಹೋಳು!"

ಸಭೆ ಗೊಳ್ಳೆಂದಿತು. ಆ ನಗುವಿನ ನಡುವೆ ಮೂರನೆಯ ಸಾಲಿನಿಂದ ಅವ್ವ ಎದ್ದು ನಿಂತಳು. ಶಾಲು ಕೆಳಗೆ ಜಾರಿತು.

"ಯಾರೇ ಹೇಳಿದ್ದು ನಿಂಗೆ ಉಪ್ಪಿನಕಾಯಿ ಬಾಟ್ಲಿ ಅಂತ? ಜೇನುತುಪ್ಪದ್ದು ಅದು! ಸೀಗೆಪುಡಿ ಹಾಕಿ ತಿಕ್ಕಿ, ಬಿಸಿನೀರಿನಾಗೆ ಕ್ವತಕ್ವತ ಕುದಿಸಿ, ಬಿಸಿಲಿಗೆ ಒಣಗಿಸಿ ಒಯ್ದಿದ್ದೆ. ಮಾವಿನ ಹೋಳಂತೆ! ನನ್ನ ಮನೆ ಪಾತ್ರೆ ಬಗ್ಗೆ ಇಲ್ಲೀತನಕ ಒಬ್ರೂ ಹೆಸರಿಟ್ಟಿಲ್ಲ!"

ನಗು ಅಲ್ಲಲ್ಲೇ ನಿಂತಿತು. ಅವ್ವ ಸುತ್ತ ನೋಡಿದಳು. ತಾನು ಏನು ಹೇಳಿಬಿಟ್ಟೆ ಎಂದು ಆಗಲೇ ಅವಳಿಗೆ ಗೊತ್ತಾದದ್ದು. ಮೆಲ್ಲಗೆ ಕೂತು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಹೇಗೆ ವೇದಿಕೆ ಇಳಿದೆನೋ ತಿಳಿಯದು. ಅವ್ವನ ಕೈ ಮುಟ್ಟಿ ನೋಡಿದೆ, ಕೆಂಡದ ಹಾಗೆ ಸುಡುತ್ತಿತ್ತು. ಆ ಶಾಲು ಚಳಿಜ್ವರದ್ದು. ಆ ಬಾರ್ಲಿ ನೀರು ಉರಿಮೂತ್ರದ್ದು. ಇಷ್ಟು ದಿನ ನಾನು ಹುಡುಕುತ್ತಿದ್ದವಳು ಪ್ರತಿ ಭಾನುವಾರ ನನಗೆ ಚಪಾತಿ ಬಡಿಸುತ್ತಿದ್ದಳು.

ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದಾವಣಗೆರೆಗೆ ಹೊರಟೆವು. "ಗಂಗಮ್ಮ ಅಂತ ಯಾಕವ್ವ ಬರೆಸಿದೆ?" ಎಂದು ಕೇಳಿದೆ.

"ಡಬ್ಬಿ ಕೊಟ್ಟ ಆಯಮ್ಮ ಗಟ್ಟಿಯಾಗಿ ಹೆಸರೇನು ಅಂತ ಕೇಳಿದ್ಲು. ಹಿಂದೆ ನಮ್ಮ ಓಣಿಯೋರು ನಿಂತಿದ್ರು. ನನ್ನ ಹೆಸರು ಹೇಳಿದ್ರೆ ಸುತ್ತಿ ಬಳಸಿ ನಿನ್ನ ಕಿವಿಗೆ ಬೀಳ್ತದೆ ಅಂತ, ಬಾಯಿಗೆ ಬಂದಿದ್ದು ಹಸು ಹೆಸರು ಹೇಳ್ದೆ. ನಂಬರೂ ಹಂಗೇ ಬಾಯಿಗೆ ಬಂದಿದ್ದು ಹೇಳ್ದೆ."

"ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ಲಲ್ಲ?"

"ಬಂದಿದ್ಲು. ಇಲ್ಲಿ ಗಂಗಮ್ಮ ಯಾರು ಅಂದ್ಲು. ಹಿತ್ತಲ ಕೊಟ್ಟಿಗೇಲಿ ಐತೆ, ಗಬ್ಬ ಐತೆ, ಹತ್ರ ಹೋದ್ರೆ ಒದೀತೈತೆ ಅಂದೆ. ಹೊಂಟೋದ್ಲು."

ಮುಂದೆ ಕೂತ ಡ್ರೈವರು ಕೆಮ್ಮಿದ ಹಾಗೆ ಮಾಡಿದ. ಅವನು ನಗುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, ಏನೇನು ಮಾತ್ರೆ ತಗೊಂಡಿದ್ದೀರಿ ಎಂದು ಕೇಳಿದರು. ಅವ್ವ ಎಲೆಅಡಿಕೆ ಸಂಚಿ ಬಿಚ್ಚಿದಳು. ಪಕ್ಕದ ಮನೆಯವರ ಹಲ್ಲುನೋವಿನದ್ದು, ಎದುರು ಮನೆಯವರ ಕೆಮ್ಮಿನದ್ದು, ನನ್ನ ತಮ್ಮನ ಗಾಯದ್ದು. ಎಲ್ಲವೂ ಕಡ ತಂದವು. ಉರಿ ಇದ್ದಾಗ ಒಂದು, ಕಡಿಮೆ ಆದಾಗ ಬಂದ್. ಎಲ್ಲದರ ಕೆಳಗಿಂದ ಒಂದು ಖಾಲಿ ಸ್ಟ್ರಿಪ್ ಹೊರಬಂತು. ನೋಡಿದ ಕೂಡಲೇ ಗುರುತು ಹಿಡಿದೆ. ಹೊನ್ನಾಳಿಯ ಹಿರಿಯರು ನನ್ನ ಕೈಗೆ ತುರುಕಿದ್ದು.

"ಇದು ಕಡ ತಂದಿದ್ದಲ್ಲ ಡಾಕ್ಟ್ರೆ," ಅವ್ವ ಹೇಳಿದಳು. "ನನ್ನ ಮಗಳು ಗೂಡಿನಾಗೆ ಇಟ್ಟು ಹೋಗಿದ್ಲು. ಓದಿದೋಳು, ಒಳ್ಳೇದೇ ತಂದಿರ್ತಾಳೆ ಅಂತ ಅಷ್ಟೂ ನುಂಗಿದೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಸಲೈನ್ ಬಾಟ್ಲಿ ಹನಿ ಹನಿಯಾಗಿ ಬೀಳುವುದನ್ನು ನೋಡಿದೆ. ಭೂಮಿ ಬಾಯಿಬಿಡಬಾರದೇ ಎಂದು ಅನ್ನಿಸಿದ್ದು ಆ ಒಂದು ಗಳಿಗೆಯಲ್ಲಿ ಮಾತ್ರ ಉತ್ಪ್ರೇಕ್ಷೆ ಆಗಿರಲಿಲ್ಲ.

ಆ ಇಂಜೆಕ್ಷನ್ ಇನ್ನೂ ಗೆಲ್ಲುತ್ತಿತ್ತು. ಪುಣ್ಯಕ್ಕೆ ಸೊಕ್ಕೆಯ ಟಗರಿಗೆ ಡಾಕ್ಟರು ಅದನ್ನು ಕೊಟ್ಟಿರಲಿಲ್ಲ. ದಿನ ಕಳೆದಂತೆ ಅವ್ವನ ಜ್ವರ ಇಳಿಯಿತು, ಉರಿ ಹೋಯಿತು, ಆಮೇಲೆ ಬಾಯಿ ಮರಳಿತು. ಕಿಡ್ನಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಹೊರಗಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಒಳಗೆ ಬಂದಾಗ ಅವ್ವ ಪಕ್ಕದ ಮಂಚದ ಹೆಂಗಸಿನ ಜೊತೆ ಸಂಸಾರದ ಸುದ್ದಿಯನ್ನೆಲ್ಲ ಮುಗಿಸಿ, ಮಕ್ಕಳ ಸುದ್ದಿಗೆ ಬಂದಿದ್ದಳು.

"ಇವ್ರು ನಿಮ್ಮ ಮಗಳಾ? ಏನ್ ಕೆಲಸ ಮಾಡ್ತಾರೆ?" ಆಕೆ ಕೇಳಿದಳು.

ಕಂಪ್ಯೂಟರ್ ಕೆಲಸ ಎಂಬ ಮಾತಿಗೆ ನಾನು ತಲೆ ಆಡಿಸಲು ಸಿದ್ಧಳಾಗಿ ನಿಂತೆ. ಅವ್ವ ದಿಂಬಿಗೆ ಒರಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಊರೂರಿಗೆ ಜೀಪಿನಾಗೆ ಹೋಗಿ," ಎಂದಳು, "ಹೆತ್ತವ್ವನ ಉಚ್ಚೆ ತೋರಿಸಿ ಬರ್ತಾಳೆ."